ಎರಡು ಬಣ್ಣದ ಫ್ರೋಜನ್ ಕಾಕ್‌ಟೇಲ್ ಮನೆಯಲ್ಲಿ ಮಾಡಿದಾಗ ಬಣ್ಣಗಳು ಬೆರೆತುಹೋಗುತ್ತವೆ. ತಡೆಯುವುದು ಹೇಗೆ?

ಕೆಳಗಿನ ಪದರ ಸಾಕಷ್ಟು ಗಟ್ಟಿಯಾಗದೆ ಇರುವುದೇ ಮುಖ್ಯ ಕಾರಣ. ಐಸ್‌ಗಿಂತ ಹೆಚ್ಚಾಗಿ, ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟ ಹಣ್ಣನ್ನೇ ಬಳಸಿ. ಐಸ್ ಕರಗಿದರೆ ಬರೀ ನೀರು, ರುಚಿಯೂ ಬಣ್ಣವೂ ತೆಳ್ಳಗಾಗುತ್ತವೆ.

ಎರಡು ಗ್ಲಾಸಿಗೆ ಹಳದಿ ಪದರ: ಮಾವಿನ ಹೋಳು 150 ಗ್ರಾಂ, ಬಿಳಿ ರಮ್ 45 ಮಿ.ಲೀ., ನಿಂಬೆರಸ 20 ಮಿ.ಲೀ., ಸಕ್ಕರೆ ಪಾಕ 15 ಮಿ.ಲೀ., ನಾಲ್ಕೈದು ಐಸ್ ತುಂಡು. ಕೆಂಪಿಗೆ ಮಾವಿನ ಬದಲು ಅಷ್ಟೇ ಸ್ಟ್ರಾಬೆರಿ. ಅದು ಹುಳಿಯಾದ್ದರಿಂದ ಪಾಕ 25 ಮಿ.ಲೀ. ಇರಲಿ.

ಮಿಕ್ಸಿಗೆ ಮೊದಲು ದ್ರವ, ಮೇಲೆ ಹಣ್ಣು, ಕೊನೆಗೆ ಐಸ್. ಈ ಕ್ರಮ ತಪ್ಪಿದರೆ ಬ್ಲೇಡ್ ಒಣಗಾಳಿಯಲ್ಲಿ ಸುತ್ತುತ್ತದೆ. ನಿಲ್ಲಿಸಿ ನಿಲ್ಲಿಸಿ ರುಬ್ಬಿ. ಒಂದೇ ಸಮನೆ ಓಡಿಸಿದರೆ ಬಿಸಿಗೆ ಕರಗುತ್ತದೆ. ಚಮಚದಿಂದ ಬೀಳದೆ ಗುಡ್ಡೆಯಾಗಿ ನಿಂತರೆ ಹದ ಸರಿ.

ಮಾವಿನ ಪದರ ಹಾಕಿದ ಗ್ಲಾಸನ್ನು 20 ನಿಮಿಷ ಫ್ರೀಜರ್‌ನಲ್ಲಿಡಿ. ಆಮೇಲೆ ಕೆಂಪನ್ನು ಸುರಿಯಬೇಡಿ, ಚಮಚದಿಂದ ಅಂಚಿನ ಕಡೆಯಿಂದ ಮೆಲ್ಲಗೆ ಇಡಿ.

ರಮ್ ಹೆಚ್ಚು ಹಾಕುವ ಆಸೆ ಬೇಡವೇ ಬೇಡ. 40% ಮದ್ಯ ಮನೆಯ ಫ್ರೀಜರ್‌ನ -18 ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಅದು ಹೆಚ್ಚಾದಷ್ಟೂ ಮಿಶ್ರಣ ನೀರಾಗುತ್ತದೆ. ಪಾಕ ಅತಿಯಾದರೂ ಇದೇ ಪಾಡು. ಆದರೆ ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುವುದರಿಂದ, ರುಬ್ಬುವ ಮೊದಲು ತುಸು ಜಾಸ್ತಿ ಸಿಹಿ ಅನ್ನಿಸಿದರೆ ಅದೇ ಸರಿಯಾದ ಅಳತೆ.

ನೀಲಿ ಬೇಕೆಂದು ಬ್ಲೂ ಕ್ಯುರಾಸೋವನ್ನು (ಕಿತ್ತಳೆ ರುಚಿಯ ನೀಲಿ ಬಣ್ಣದ ಸಿಹಿ ಮದ್ಯ) ಮಾವಿಗೆ ಬೆರೆಸಿದರೆ ಹಸಿರಾಗುತ್ತದೆ. ಅದನ್ನು ಬರೀ ಐಸ್, ನಿಂಬೆರಸದ ಜೊತೆ ಬೇರೆಯಾಗಿ ರುಬ್ಬಿ.