ಓಡುವ ಗುರಿಗೆ ರೈಫಲ್ ಅಭ್ಯಾಸ ಮಾಡೋದು ಹೇಗೆ? ಬೇಟೆಗೆ ಉಪಯೋಗ ಆಗುತ್ತಾ?

ಬೇಟೆಯ ಮಾತು ಮೊದಲೇ ಮುಗಿಸಿಬಿಡೋಣ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ನಮ್ಮ ಹಾವೇರಿ ಕಡೆ ಗೋವಿನಜೋಳದ ಹೊಲಕ್ಕೆ ಕೃಷ್ಣಮೃಗ ನುಗ್ಗಿದರೂ ಅರಣ್ಯ ಇಲಾಖೆಗೇ ಹೇಳಬೇಕು, ಬಂದೂಕು ಎತ್ತುವಂತಿಲ್ಲ.

ಆಟವಾಗಿ ಕಲಿಯಬಹುದು. 10 ಮೀಟರ್ ಏರ್ ರೈಫಲ್ ರನ್ನಿಂಗ್ ಟಾರ್ಗೆಟ್ ಸ್ಪರ್ಧೆಯಲ್ಲಿ (10 ಮೀಟರ್ ದೂರದಿಂದ ಓಡುವ ಗುರಿಗೆ ಹೊಡೆಯೋದು) ಗುರಿಯು 2 ಮೀಟರ್ ಅಗಲವನ್ನು ನಿಧಾನಕ್ಕಾದರೆ 5 ಸೆಕೆಂಡ್, ಜೋರಾದರೆ 2.5 ಸೆಕೆಂಡಿನಲ್ಲಿ ದಾಟುತ್ತದೆ. ಪೆಲೆಟ್, ಅಂದರೆ ಏರ್ ರೈಫಲ್‌ನ ಪುಟ್ಟ ಗುಂಡು, ಸೆಕೆಂಡಿಗೆ 170 ಮೀಟರ್ ಹೋಗುತ್ತದೆ ಅಂದುಕೊಳ್ಳಿ. ಅದು ಮುಟ್ಟುವಷ್ಟರಲ್ಲಿ ಜೋರು ಗುರಿ ನಾಲ್ಕೈದು ಸೆಂ.ಮೀ. ಸರಿದಿರುತ್ತದೆ. ಅಷ್ಟು ಮುಂದಕ್ಕೆ ಗುರಿ ಹಿಡಿಯಬೇಕು, ಅಲ್ವಾ? ಬರೀ ಕೈ ಆಡಿಸಿದರೆ ಸಾಲದು, ಸೊಂಟದಿಂದ ಮೈ ತಿರುಗಬೇಕು. ಟ್ರಿಗರ್ ಒತ್ತಿದ ಮೇಲೂ ರೈಫಲ್ ತಿರುಗುತ್ತಲೇ ಇರಲಿ. ಹೊಸಬರು ಅಲ್ಲೇ ಗಕ್ಕನೆ ನಿಲ್ಲಿಸುತ್ತಾರೆ, ಪೆಲೆಟ್ ಹಿಂದೆ ಬೀಳುತ್ತದೆ.

ಮೊದಲು ಖಾಲಿ ರೈಫಲ್‌ನಲ್ಲಿ, ಅದೂ ಶೂಟಿಂಗ್ ರೇಂಜಿನಲ್ಲಿ, ಕೋಚ್ ಎದುರಿಗೆ. ಹಿತ್ತಲಲ್ಲಿ ಟೈರ್ ಉರುಳಿಸಿ ಹೊಡೆಯೋದು ಬೇಡವೇ ಬೇಡ.