ಫ್ರಿಜ್‌ಗೆ ಎಕ್ಸ್‌ಟೆಂಡೆಡ್ ವಾರಂಟಿ ಬೇಕಾ? ಮೊದಲು ಅರ್ಥಿಂಗ್ ನೋಡಿಸಿ

ಗೌಡ್ರೇ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. 34,000ದ ಇನ್ವರ್ಟರ್ ಫ್ರಿಜ್ ನೋಡಿ ಬಂದಿದ್ದೀರಿ, ಇನ್ನೂ 4,200 ಕೊಟ್ಟರೆ ಕಂಪನಿಯ ಒಂದು ವರ್ಷ ಮುಗಿದ ಮೇಲೆ ಮತ್ತೆ ಮೂರು ವರ್ಷ ವಾರಂಟಿ ಅಂತ ಅಂಗಡಿಯವರು ಹೇಳ್ತಿದ್ದಾರೆ, ಕೊಡಲೋ ಬಿಡಲೋ ಅಂತ ಕೇಳಿದ್ದೀರಿ. "ಕೊಟ್ಟುಬಿಡಿ, ನೆಮ್ಮದಿ" ಅಂತ ನಾಲ್ಕೈದು ಜನ ಹೇಳಿಯೂ ಆಗಿದೆ. ನಾನು ಬೇಡ ಅಂತೇನೆ. ನಮ್ಮ ಮಲೆನಾಡಿನ ತೋಟದ ಮನೆಗಳಿಗೆ, ಫ್ರಿಜ್ ಮಟ್ಟಿಗೆ, ಬೇಡ. ಸ್ವಲ್ಪ ಉದ್ದ ಆಗ್ತದೆ, ಪೂರ್ತಿ ಓದಿ.

ನಮ್ಮ ಮನೆಗೆ ಫ್ರಿಜ್ ತಂದಾಗ ನಾನೂ ಇದನ್ನೇ ಮಾಡಿಸಿದ್ದೆ. ಮೂರನೇ ವರ್ಷದ ಏಪ್ರಿಲ್‌ನಲ್ಲಿ ಒಂದು ಸಂಜೆ ಗುಡುಗು ಸಿಡಿಲು, ಕರೆಂಟು ಹೋಗಿ ಬಂತು, ಫ್ರಿಜ್ ಮಾತ್ರ ಶುರುವಾಗಲಿಲ್ಲ. ಎಂಟು ದಿನ ಬಿಟ್ಟು ಸರ್ವೀಸ್ ಹುಡುಗ ಬಂದ. ಹಿಂದಿನ ಮುಚ್ಚಳ ಬಿಚ್ಚಿದ, ಒಳಗಿನ ಸರ್ಕ್ಯೂಟ್ ಬೋರ್ಡಿನ ಫೋಟೊ ತೆಗೆದ, ರಿಪೇರಿ ವಿವರ ಬರೆಯುವ ಜಾಬ್ ಶೀಟಿನಲ್ಲಿ "ಹೈ ವೋಲ್ಟೇಜ್" ಅಂತ ಎರಡು ಪದ ಬರೆದ. ಅಲ್ಲಿಗೆ ಕ್ಲೇಮ್ ಮುಗಿಯಿತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನು ಕಂಡದ್ದನ್ನೇ ಬರೆದ. ಷರತ್ತಿನ ಹಾಳೆ ಹುಡುಕಿ ತೆಗೆದು ನೋಡಿದರೆ ಸಿಡಿಲು, ವೋಲ್ಟೇಜ್ ಏರಿಳಿತ, ಇಲಿ, ಹಲ್ಲಿ, ಇರುವೆ, ನೀರು, ತುಕ್ಕು ಯಾವುದಕ್ಕೂ ವಾರಂಟಿ ಇಲ್ಲ ಅಂತ ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ನಮ್ಮ ಕಡೆ ಮನೆಸಾಮಾನು ಹಾಳಾಗುವುದು ಹೆಚ್ಚಾಗಿ ಇವುಗಳಿಂದಲೇ ಅಲ್ವಾ ಮಾರಾಯ್ರೇ?

ಹೊಸ ಬೋರ್ಡಿಗೆ 5,600 ಅಂದರು. ಕ್ಲೇಮ್ ಹೇಗೂ ಹೋಗಿತ್ತಲ್ಲ, ನಾನು ಬೋರ್ಡ್ ಬಿಚ್ಚಿಸಿಕೊಂಡು ಪೇಟೆಯ ಟಿವಿ ರಿಪೇರಿಯವರ ಹತ್ತಿರ ಹೋದೆ. ಕರೆಂಟು ಒಳಗೆ ಬರುವ ಕಡೆ ಹುಣಸೆಬೀಜದಷ್ಟು ಅಗಲದ ಒಂದು ನೀಲಿ ಬಿಲ್ಲೆ ಸೀಳಿ ಕಪ್ಪಾಗಿತ್ತು. ವೇರಿಸ್ಟರ್ ಅಂತಾರೆ ಅದಕ್ಕೆ. ವೋಲ್ಟೇಜ್ ಮಿತಿ ಮೀರಿದರೆ ತಾನು ಶಾರ್ಟ್ ಆಗಿ, ಪಕ್ಕದ ಫ್ಯೂಸ್ ಹಾರಿಸಿ, ಉಳಿದ ಬೋರ್ಡನ್ನು ಕಾಯುವುದು ಅದರ ಕೆಲಸ. ಬಿಲ್ಲೆ, ಫ್ಯೂಸ್ ಎರಡೂ ಹೊಸದು ಹಾಕಿ 450 ತಗೊಂಡರು, ಫ್ರಿಜ್ ಇವತ್ತಿಗೂ ಓಡ್ತಿದೆ. ಎಲ್ಲ ಬೋರ್ಡೂ ಹೀಗೆ ಉಳಿಯುವುದಿಲ್ಲ, ನಿಜ. ಆದರೆ ವಾರಂಟಿ ಮುಗಿದ ಸಾಮಾನಾದರೆ ಹೊಸ ಬೋರ್ಡಿಗೆ ಒಪ್ಪುವ ಮೊದಲು ಒಮ್ಮೆ ಹೀಗೆ ತೋರಿಸಿ. ವಾರಂಟಿ ಇರುವಾಗ ಮಾತ್ರ ಹೊರಗಿನವರಿಂದ ಬಿಚ್ಚಿಸಬೇಡಿ, ಅದೇ ನೆಪಕ್ಕೆ ವಾರಂಟಿ ಹೋಗ್ತದೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಕಂಪ್ರೆಸರ್‌ಗೆ ಕಂಪನಿಯೇ 10 ವರ್ಷ ಕೊಟ್ಟಿದೆ ಅಂತ ನೀವೇ ಬರೆದಿದ್ದೀರಿ. (ಅದೂ ಸಾಮಾನ್ಯವಾಗಿ ಕಂಪ್ರೆಸರ್ ಎಂಬ ಬಿಡಿಭಾಗಕ್ಕೆ ಮಾತ್ರ. ಗ್ಯಾಸ್ ತುಂಬಿಸುವುದು, ಕೂಲಿ, ಸಾಗಾಟ ಮೊದಲ ವರ್ಷದ ನಂತರ ನಮ್ಮ ಮೇಲೆಯೇ ಬೀಳ್ತದೆ.) ಬಾಗಿಲಿನ ರಬ್ಬರ್, ಬಲ್ಬು, ಟ್ರೇ ಇವಕ್ಕೆ ಹೇಗೂ ವಾರಂಟಿ ಇರುವುದಿಲ್ಲ. ತಯಾರಿಕೆಯಲ್ಲೇ ದೋಷ ಇದ್ದರೆ ಅದು ಬಹುಪಾಲು ಮೊದಲ ವರ್ಷದೊಳಗೇ ಹೊರಗೆ ಬರ್ತದೆ, ಅದನ್ನು ಕಂಪನಿಯೇ ಸರಿ ಮಾಡಬೇಕು. ಕೊನೆಗೆ ಉಳಿಯುವುದು ಬೋರ್ಡು, ಫ್ಯಾನ್ ಮೋಟಾರು, ಐಸ್ ಕರಗಿಸುವ ಡಿಫ್ರಾಸ್ಟ್ ಹೀಟರ್, ಸೆನ್ಸರ್, ಗ್ಯಾಸ್ ಲೀಕ್. ಇಷ್ಟಕ್ಕೆ ಫ್ರಿಜ್ ಬೆಲೆಯ ನೂರಕ್ಕೆ 12ಕ್ಕೂ ಹೆಚ್ಚು ಮುಂಗಡವಾಗಿ ಕೊಡ್ತಿದ್ದೀರಿ. ನನಗೆ ಇದು ದುಬಾರಿ ಅನಿಸ್ತದೆ.

ಆ 4,200ನ್ನು ಹೀಗೆ ಹಾಕಿ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಫ್ರಿಜ್ ಇಡುವ ಸಾಕೆಟ್ಟಿನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಮೀಟರ್ ಇಟ್ಟರೆ ಎರಡು ಮೂರು ವೋಲ್ಟ್‌ಗಿಂತ ಹೆಚ್ಚು ತೋರಿಸಬಾರದು. ತುಂಬಾ ತೋರಿಸಿದರೆ ಎಲ್ಲೋ ತೊಂದರೆ ಇದೆ, ಹುಡುಕಿಸಿ. ಎಷ್ಟೋ ಹಳೇ ಮನೆಗಳಲ್ಲಿ ಅರ್ಥ್ ತಂತಿ ಅದು ನೆಲಕ್ಕಿಳಿಯುವ ಗುಂಡಿಯ ಹತ್ತಿರವೇ ತುಕ್ಕು ಹಿಡಿದು ತುಂಡಾಗಿರ್ತದೆ, ಯಾರಿಗೂ ಗೊತ್ತಿರುವುದಿಲ್ಲ. ಬೇಸಿಗೆಯಲ್ಲಿ ಗುಂಡಿಗೆ ವಾರಕ್ಕೊಮ್ಮೆ ನಾಲ್ಕು ಕೊಡ ನೀರು ಹೊಯ್ಯಿರಿ. ಆಮೇಲೆ ಮೀಟರ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ತಟ್ಟನೆ ನುಗ್ಗುವ ಹೆಚ್ಚಿನ ವೋಲ್ಟೇಜನ್ನು ಅರ್ಥ್‌ಗೆ ಇಳಿಸುವ ಸಾಧನ ಅದು. ಓವರ್‌ಲೋಡ್ ಆದರೆ ತಾನೇ ಬೀಳುವ ಎಂಸಿಬಿ ಸ್ವಿಚ್ ಇದೆಯಲ್ಲ ಅಂತ ಸುಮ್ಮನಿರಬೇಡಿ, ಸಿಡಿಲಿನ ಹೊಡೆತಕ್ಕೆ ಅದು ಅಡ್ಡ ಬರುವುದಿಲ್ಲ. ಅರ್ಥಿಂಗ್ ಸರಿ ಇಲ್ಲದಿದ್ದರೆ ಸರ್ಜ್ ಪ್ರೊಟೆಕ್ಟರ್ ಹಾಕಿಯೂ ಉಪಯೋಗವಿಲ್ಲ, ಅದಕ್ಕೇ ಅರ್ಥಿಂಗ್ ಮೊದಲು ಅಂದದ್ದು. ಸ್ಟೆಬಿಲೈಸರ್ ಬೇಕಾ ಅನ್ನುವುದಕ್ಕೆ ಫ್ರಿಜ್ಜಿನ ಪುಸ್ತಕದಲ್ಲಿ ಎಷ್ಟರಿಂದ ಎಷ್ಟು ವೋಲ್ಟ್‌ವರೆಗೆ ಓಡ್ತದೆ ಅಂತ ಇರ್ತದೆ. ತೋಟಕ್ಕೆ ಪಂಪು ಬಿಡುವ ಹೊತ್ತಿಗೆ ನಿಮ್ಮ ಮನೆಯ ವೋಲ್ಟೇಜ್ ಎಷ್ಟಕ್ಕೆ ಇಳೀತದೆ ಅಂತ ನೋಡಿ ತೀರ್ಮಾನ ಮಾಡಿ. ಮತ್ತೆ, ಏಪ್ರಿಲ್ ಮೇ ತಿಂಗಳಲ್ಲಿ ಮೋಡ ಕಟ್ಟಿದ ಕೂಡಲೇ ಪ್ಲಗ್ ಕೀಳುವ ಅಭ್ಯಾಸ ಮನೆಯವರಿಗೆಲ್ಲ ಇರಲಿ. ಟಿವಿಯಾದರೆ ಡಿಶ್ ಕೇಬಲ್, ಇಂಟರ್ನೆಟ್ ಕೇಬಲ್ ಕೂಡ ಕೀಳಬೇಕು.

ಎಲ್ಲದಕ್ಕೂ ಬೇಡ ಅಂತ ನಾನು ಹೇಳ್ತಿಲ್ಲ. ದೊಡ್ಡ ಟಿವಿಗೆ, ತಯಾರಿಸಿದ ಕಂಪನಿಯೇ ಕೊಡುವ ವಾರಂಟಿ ಕಡಿಮೆಗೆ ಸಿಕ್ಕರೆ ತಗೊಳ್ಳಿ. ಪ್ಯಾನೆಲ್ (ಅಂದರೆ ಪರದೆ) ಹೋದರೆ ಹೆಚ್ಚುಕಡಿಮೆ ಹೊಸ ಟಿವಿಯ ದುಡ್ಡೇ ಆಗ್ತದೆ. ಅಕ್ಕನ ಮನೆ ಟಿವಿಯಲ್ಲಿ ಮೂರನೇ ವರ್ಷ ಉದ್ದ ಗೆರೆಗಳು ಬಂದಾಗ ಪ್ಯಾನೆಲ್ಲೇ ಬದಲಿಸಿ ಕೊಟ್ಟರು. ಒಡೆದರೆ ಕೊಡುವುದಿಲ್ಲ, ಅದಕ್ಕೆ ಬೇರೆಯೇ ಪ್ಲಾನ್. ಓದಲು ಬೆಂಗಳೂರಿಗೆ ಹೋಗುವ ಮಕ್ಕಳ ಲ್ಯಾಪ್‌ಟಾಪಿಗೆ ಬಿದ್ದು ಒಡೆದದ್ದನ್ನೂ ಸೇರಿಸಿದ ಕಂಪನಿ ಪ್ಲಾನ್ ಒಳ್ಳೆಯದು. ಮಿಕ್ಸಿ, ಗ್ರೈಂಡರಿಗೆ ಖಂಡಿತ ಬೇಡ.

ಅಂಗಡಿಯವರು ಇವತ್ತೇ ಮಾಡಿಸಿ ಅಂತ ಅವಸರ ಮಾಡಿದರೆ ಹೆದರಬೇಡಿ. ಮೊದಲ ವರ್ಷ ಮುಗಿಯುವುದರೊಳಗೆ ಯಾವಾಗ ಬೇಕಾದರೂ ಮಾಡಿಸಬಹುದು ಅಂತ ಎಷ್ಟೋ ಕಂಪನಿಗಳೇ ಹೇಳ್ತವೆ. ಇಎಂಐನಲ್ಲಿ ತಗೊಳ್ಳುವವರು ಬಿಲ್ಲಿನ ಒಂದೊಂದು ಸಾಲನ್ನೂ ಓದಿ, ಕೇಳದಿದ್ದರೂ ವಾರಂಟಿ ಸೇರಿಸಿರುವುದುಂಟು. ಹಾಗೂ ಮಾಡಿಸುವುದೇ ಆದರೆ ಮೂರು ಮಾತು ಬರಹದಲ್ಲಿ ಕೇಳಿ: ವಾರಂಟಿ ಯಾರದ್ದು, ಕಂಪನಿಯದ್ದೋ ಬೇರೆಯವರದ್ದೋ? ನಮ್ಮ ಪಿನ್‌ಕೋಡಿಗೆ ಮನೆಗೇ ಬರ್ತಾರಾ? ಸರಿ ಮಾಡಲಾಗದಿದ್ದರೆ ಪೂರ್ತಿ ಬೆಲೆ ಕೊಡ್ತಾರಾ, ವರ್ಷಕ್ಕಿಷ್ಟು ಅಂತ ಕಳೀತಾರಾ?

ಅಂಗಡಿಯ ಮಷಿನ್ ಬಿಲ್ಲಿನ ಅಕ್ಷರ ವರ್ಷ ಎರಡು ವರ್ಷದಲ್ಲಿ ಮಾಸಿಹೋಗ್ತದೆ. ಅವತ್ತೇ ಫೋಟೊ ತೆಗೆದು, ಒಂದು ಜೆರಾಕ್ಸ್ ಮಾಡಿಸಿ ಇಡಿ. ನ್ಯಾಯವಾದ ಕ್ಲೇಮನ್ನು ತಳ್ಳಿಹಾಕಿದರೆ ಜಾಬ್ ಶೀಟಿನ ಪ್ರತಿ ಬಿಡಬೇಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಎರಡು ವರ್ಷದೊಳಗೆ ಹಾಕಬೇಕು. 5 ಲಕ್ಷದೊಳಗಿನ ಸಾಮಾನಿಗೆ ಶುಲ್ಕ ಇಲ್ಲ, ವಕೀಲರು ಬೇಕೇಬೇಕು ಅಂತಿಲ್ಲ.

ಅಂಗಡಿಯವರು ಕೊಟ್ಟ ಷರತ್ತಿನ ಹಾಳೆಯ ಫೋಟೊ, ಫ್ರಿಜ್ಜಿನ ಮಾಡೆಲ್ ನಂಬರು ಇಲ್ಲಿ ಹಾಕಿ ಗೌಡ್ರೇ. ಸಂಜೆ ತೋಟದಿಂದ ಬಂದ ಮೇಲೆ ಓದಿ ಹೇಳ್ತೇನೆ. ಆಗುವುದಾದರೆ ನ್ಯೂಟ್ರಲ್ ಅರ್ಥ್ ಮಧ್ಯೆ ಎಷ್ಟು ವೋಲ್ಟ್ ಬಂತು ಅನ್ನುವುದನ್ನೂ ಬರೀರಿ.