ಗೃಹಲಕ್ಷ್ಮಿ ಹಣದಿಂದ ಮೈ ಬರುತ್ತದೆಯೇ?

ಪ್ರಶ್ನೆ: ಗೃಹಲಕ್ಷ್ಮಿಯ 2,000 ರೂಪಾಯಿ ಬರತೊಡಗಿದ ಮೇಲೆ ನಮ್ಮ ಸ್ವಸಹಾಯ ಸಂಘದ ನಾಲ್ಕೈದು ಹೆಂಗಸರಿಗೆ ಮೈ ಬಂದಿದೆ. ‘ಕೂತು ತಿನ್ನೋ ದುಡ್ಡು’ ಅಂತ ಊರಲ್ಲಿ ಆಡಿಕೊಳ್ಳುತ್ತಾರೆ. ಬಡವರಿಗೆ ಹಣ ಕೊಟ್ಟರೆ ತೂಕ ಏರುತ್ತದೆಯೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಆಡಿಕೊಳ್ಳುವವರಿಗೆ ಮೊದಲು ಇಸವಿ ತೋರಿಸಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕವೇ ಎಂದು ಹೇಳುವ ಅಳತೆ) 25 ಮುಟ್ಟಿದ ಹೆಂಗಸರು 2015–16ರಲ್ಲಿ ನೂರಕ್ಕೆ 23 ಇದ್ದರು, 2019–21ಕ್ಕೆ 30 ಆದರು. ಗೃಹಲಕ್ಷ್ಮಿ ಶುರುವಾದದ್ದು 2023ರ ಆಗಸ್ಟ್‌ನಲ್ಲಿ.

ಹಾಗಂತ ಹಣದ ಪಾತ್ರವೇ ಇಲ್ಲ ಎನ್ನಲಾಗದು. ಇದನ್ನು ಸರಿಯಾಗಿ ಅಳೆದು ನೋಡಿದ್ದು ಮೆಕ್ಸಿಕೊದಲ್ಲಿ. 2003–05ರಲ್ಲಿ ದಕ್ಷಿಣ ಭಾಗದ ಕೆಲವು ಬಡ ಹಳ್ಳಿಗಳಿಗೆ ಹಾಲಿನ ಪುಡಿ, ಎಣ್ಣೆ, ಅಕ್ಕಿ, ಕಾಳುಗಳ ಕಿಟ್, ಕೆಲವಕ್ಕೆ ತಿಂಗಳಿಗೆ 150 ಪೆಸೊ ಕೊಟ್ಟರು. ಉಳಿದವನ್ನು ಹೋಲಿಕೆಗೆ ಹಾಗೇ ಬಿಟ್ಟರು. ಏನೂ ಸಿಗದವರಿಗಿಂತ ಹಣ ಪಡೆದ ಹೆಂಗಸರ ತೂಕ ಸರಾಸರಿ 420 ಗ್ರಾಂ, ಕಿಟ್ ಪಡೆದವರದ್ದು 550 ಗ್ರಾಂ ಹೆಚ್ಚು ಏರಿತು. ದಿನಸಿ ಕೊಟ್ಟರೂ ಕಥೆ ಅದೇ, ನೋಡಿ. ಮೊದಲೇ ಬೊಜ್ಜಿದ್ದವರಲ್ಲಿ ಏರಿಕೆ ಎಲ್ಲರಿಗಿಂತ ಜಾಸ್ತಿ. ಬಿಎಂಐ 25ರ ಒಳಗಿದ್ದವರಲ್ಲಿ ಪರಿಣಾಮವೇ ಕಾಣಲಿಲ್ಲ. ಅಲ್ಲಿನ ಇನ್ನೊಂದು ಯೋಜನೆ ‘ಒಪೊರ್ತುನಿದಾದೆಸ್’ನಲ್ಲಿ ಹೆಚ್ಚು ಹಣ ಸೇರಿದ ಮನೆಗಳ ಪುಟ್ಟ ಮಕ್ಕಳು ಎತ್ತರ ಬೆಳೆದರು, ಬೊಜ್ಜೂ ಕಡಿಮೆ. ದೊಡ್ಡವರ ಬಿಎಂಐ, ಬಿಪಿ ಮಾತ್ರ ಹೆಚ್ಚಿತ್ತು.

ದೊಡ್ಡವರಿಗೇ ಮೈ ಬರುವುದೇಕೆ? ಎಳವೆಯಲ್ಲಿ ಊಟ ಸಾಲದೆ ಗಿಡ್ಡಗೆ ಬೆಳೆದ ದೇಹಕ್ಕೆ ಬೇಕಾಗುವ ಕ್ಯಾಲೊರಿ ಕಡಿಮೆ. ಕೈಯಲ್ಲಿ ಕಾಸು ಆಡಿದಾಗ ಸಾಮಾನ್ಯವಾಗಿ ಮೊದಲು ಹೆಚ್ಚುವುದು ಬಾಣಲೆಯ ಎಣ್ಣೆ, ಚಹಾದ ಸಕ್ಕರೆ. ಒಂದು ಚಿಕ್ಕ ಚಮಚ ಎಣ್ಣೆಯಲ್ಲೇ 45 ಕ್ಯಾಲೊರಿ ಇದೆ, ಸಂಜೆಯ ಮಂಡಕ್ಕಿ-ಮಿರ್ಚಿ ಲೆಕ್ಕ ಬೇರೆ.

ಊರಿನ ಮಾತು ಬಿಟ್ಟು ಸಂಘದಲ್ಲೇ ಅಳೆಯಿರಿ, ಗರ್ಭಿಣಿಯರನ್ನು ಬಿಡಿ. ತಿಂಗಳಿಗೊಮ್ಮೆ, ಅದೇ ತಕ್ಕಡಿ, ಬೆಳಗಿನ ಹೊತ್ತು. ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ. ನಮ್ಮವರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು: 150 ಸೆಂ.ಮೀ. ಎತ್ತರದವರಿಗೆ ಸುಮಾರು 52 ಕಿಲೊ, 56 ಕಿಲೊ. ಸೊಂಟಕ್ಕೆ ಟೇಪು ಹಿಡಿಯುವುದು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟಾಗ. ಸೀರೆಯ ನೆರಿಗೆ, ಲಂಗದ ಲಾಡಿಯ ಮೇಲೆ ಹಿಡಿದರೆ ಅಳತೆ ತಪ್ಪುತ್ತದೆ. 80 ಸೆಂ.ಮೀ. ದಾಟಿದ್ದರೆ ಬಿಪಿ, ಸಕ್ಕರೆ ಪರೀಕ್ಷೆ ಮಾಡಿಸಿ.

ಬಿಎಂಐ 18.5ರ ಕೆಳಗಿದ್ದವರಿಗೆ ಎರಡು ಕಿಲೊ ಬಂದಿದ್ದರೆ ಅದು ಒಳ್ಳೆಯ ಸುದ್ದಿ, ತಡೆಯಬೇಡಿ. ಉಳಿದವರು ಎಣ್ಣೆ ಡಬ್ಬಿ ನೋಡಿಕೊಳ್ಳಲಿ: ನಾಲ್ವರ ಮನೆಗೆ ತಿಂಗಳಿಗೆ ಎರಡೂವರೆ ಲೀಟರ್ ಸಾಕು. ಉಳಿದ ದುಡ್ಡಲ್ಲಿ ದಿನಕ್ಕೆ ಎರಡು ಮೊಟ್ಟೆ, ಒಂದಕ್ಕೆ 7 ರೂಪಾಯಿ ಹಿಡಿದರೂ ತಿಂಗಳಿಗೆ 420. ಅವು ಮೊದಲು ಮಕ್ಕಳ ತಟ್ಟೆಗೆ.